ನಮ್ಮ ಕಡೆಗೆ ಹೊತ್ತು ಬಂದ ದಾರಿ

ನನ್ನ ಸೋದರಳಿಯ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಕೆಲಸದಲ್ಲಿದ್ದಾನೆ. ಎರಡು ವರ್ಷಕ್ಕೊಮ್ಮೆ ಬರುತ್ತಾನೆ. ಬರುವಾಗ ನನಗಾಗಿ ಏನಾದರೊಂದು ವಸ್ತು ತರುವುದು ರೂಢಿ. ಕಳೆದ ಸಲ ತಂದದ್ದು ಒಂದು ಕೈಗಡಿಯಾರ. ಮುಳ್ಳುಗಳಿಲ್ಲದೆ ಅಂಕಿಯಲ್ಲೇ ಹೊತ್ತು ತೋರಿಸುವ ಜಾತಿಯದು. ಅದನ್ನು ನನ್ನ ಮಣಿಕಟ್ಟಿಗೆ ಕಟ್ಟುತ್ತ, “ಮಾವ, ಇನ್ನು ನಿಮಗೆ ಗಡಿಯಾರ ತಿದ್ದುವ ತಾಪತ್ರಯವಿಲ್ಲ. ರಾತ್ರಿ ನೀವು ಮಲಗಿದ್ದಾಗ ಇದು ತಾನೇ ರೇಡಿಯೋ ಕೇಳಿ ಹೊತ್ತು ಸರಿಮಾಡಿಕೊಳ್ಳುತ್ತದೆ. ಒಂದು ಸೆಕೆಂಡೂ ಆಚೀಚೆ ಆಗದು” ಎಂದ.

ಎಪ್ಪತ್ತು ದಾಟಿದ ಮನುಷ್ಯನಿಗೆ ಸೆಕೆಂಡಿನ ಲೆಕ್ಕ ಯಾತಕ್ಕೆ ಎಂದು ನನ್ನ ಮನೆಯಾಕೆ ಕೇಳಿದಳು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾನು ಗಡಿಯಾರದ ಮನೆಯಲ್ಲಿ ಬೆಳೆದವನು. ನಮ್ಮ ತಂದೆ ಶಿಡ್ಲಘಟ್ಟದಲ್ಲಿ ಮಿಡ್ಲ್ ಸ್ಕೂಲಿನ ಹೆಡ್‌ಮಾಸ್ಟರಾಗಿದ್ದರು. ನಡುಮನೆಯ ಗೋಡೆಯಲ್ಲಿ ಲೋಲಕದ ಗಡಿಯಾರವೊಂದಿತ್ತು. ಸೋಮವಾರ ಬೆಳಗ್ಗೆ ಸ್ನಾನವಾದ ಮೇಲೆ ಅದಕ್ಕೆ ಕೀಲಿ ಕೊಡುವುದು ಅವರಿಗೆ ದೇವರ ಪೂಜೆಯಷ್ಟೇ ತಪ್ಪದ ನಿಯಮ. ಶಾಲೆಯ ಗಂಟೆ ಆ ಗಡಿಯಾರವನ್ನು ನೋಡಿ ಹೊಡೆಯುತ್ತಿತ್ತು. ಶಾಲೆಯ ಗಂಟೆ ಕೇಳಿ ಅರ್ಧ ಊರು ತನ್ನ ಹೊತ್ತನ್ನು ತಿದ್ದಿಕೊಳ್ಳುತ್ತಿತ್ತು. ಹಾಗಾದರೆ ಆ ಗಡಿಯಾರ ಯಾರನ್ನು ನೋಡಿ ತಿದ್ದಿಕೊಳ್ಳುತ್ತಿತ್ತು? ಚಿಕ್ಕಂದಿನಲ್ಲಿ ಈ ಪ್ರಶ್ನೆ ನನಗೆ ಹೊಳೆಯಲಿಲ್ಲ. ಈ ಕೈಗಡಿಯಾರ ಅದನ್ನು ಹೊಳೆಯಿಸಿತು. ಅದೂ ಹೇಗೆಂದರೆ, ತನ್ನ ಕೆಲಸವನ್ನು ಮಾಡದೆ.

ಬೆಂಗಳೂರಿನ ನಮ್ಮ ಮನೆಯಲ್ಲಿ ಒಂದು ವಾರ ಕಾದೆ. ಹೊತ್ತು ತಿದ್ದಿಕೊಂಡ ದಿನ ಗಾಜಿನ ಮೂಲೆಯಲ್ಲಿ ಒಂದು ಗುರುತು ಮೂಡಬೇಕು; ಮೂಡಲಿಲ್ಲ. ಫೋನಿನಲ್ಲಿ ಅಳಿಯನನ್ನು ಕೇಳಿದರೆ, “ಊರಿನ ಗದ್ದಲ ಮಾವ. ಎಲ್‌ಇಡಿ ದೀಪ, ಫೋನಿನ ಚಾರ್ಜರು, ಲಿಫ್ಟು, ಇವೆಲ್ಲ ಗಾಳಿಯಲ್ಲಿ ಸದ್ದು ಮಾಡುತ್ತವೆ, ಗಡಿಯಾರಕ್ಕೆ ಕೇಳಿಸುವುದಿಲ್ಲ. ನಮ್ಮ ಊರಿನ ಕಡೆ ತೆಗೆದುಕೊಂಡು ಹೋಗಿ ನೋಡಿ” ಎಂದ. ಹೇಗೂ ತಂಗಿಯನ್ನು ನೋಡಿ ಬಹಳ ದಿನವಾಗಿತ್ತು. ಹೊರಟೆ.

ಚಿಕ್ಕಬಳ್ಳಾಪುರದಲ್ಲಿ ಒಬ್ಬ ನೆಂಟರ ಮನೆ, ಗೌರಿಬಿದನೂರಿನಲ್ಲಿ ಹಳೆಯ ಸಹೋದ್ಯೋಗಿಯ ಮನೆ, ಚಿಂತಾಮಣಿಯಲ್ಲಿ ಒಂದು ವಸತಿಗೃಹ, ಕೊನೆಗೆ ಶಿಡ್ಲಘಟ್ಟದಲ್ಲಿ ತಂಗಿಯ ಮನೆ. ನಾಲ್ಕು ಊರು, ನಾಲ್ಕು ರಾತ್ರಿ. ಗಡಿಯಾರದ ಜತೆ ಬಂದ ಕೈಪಿಡಿ ಹೇಳಿದ್ದನ್ನೆಲ್ಲ ಮಾಡಿದೆ. ಕಬ್ಬಿಣದ ಸಾಮಾನು, ಟೆಲಿವಿಷನ್, ಫ್ರಿಜ್ ಇವುಗಳಿಂದ ದೂರ ಇಡಬೇಕು, ಕಿಟಕಿಯ ಹತ್ತಿರ ಇಡಬೇಕು, ಹನ್ನೆರಡು ಗಂಟೆಯ ಮಗ್ಗುಲು ಪ್ರಸಾರಕೇಂದ್ರದ ದಿಕ್ಕಿಗಿರಬೇಕು, ಕೇಳುತ್ತಿರುವಾಗ ಅಲುಗಿಸಕೂಡದು. ಇವೆಲ್ಲ ಒಳ್ಳೆಯ ಸಲಹೆಗಳೇ. ಗಡಿಯಾರದ ಹೊಟ್ಟೆಯೊಳಗೆ ಬೆರಳ ಗೆಣ್ಣಿಗಿಂತ ದೊಡ್ಡದಲ್ಲದ ಒಂದು ಫೆರೈಟ್ ಕಡ್ಡಿಯಿದೆ. ಅದಕ್ಕೆ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿದೆ. ಅದೇ ಅದರ ಕಿವಿ. ಕಡ್ಡಿ ಅಡ್ಡಲಾಗಿ ನಿಂತಾಗ ಚೆನ್ನಾಗಿ ಕೇಳುತ್ತದೆ, ಮೂತಿ ತಿರುವಿ ನಿಂತರೆ ಕೇಳದು. ರಾತ್ರಿ ಹೊತ್ತು ದೂರದ ಅಲೆ ಸುಲಭವಾಗಿ ಬರುತ್ತದೆ. ಹೀಗಾಗಿ ಚಿಕ್ಕಬಳ್ಳಾಪುರದ ತಾರಸಿಯ ಮೇಲೆ, ನಂದಿಬೆಟ್ಟದ ಕಪ್ಪು ನೆರಳನ್ನು ನೋಡುತ್ತ, ರಾತ್ರಿ ಎರಡು ಗಂಟೆಗೆ ಒಂದು ಸ್ಟೂಲಿನ ಮೇಲೆ ಕೈಗಡಿಯಾರವನ್ನು ಪೂರ್ವಾಭಿಮುಖವಾಗಿ ಕೂರಿಸಿ ಕಾದ ಮುದುಕನನ್ನು ಓದುಗರು ಊಹಿಸಿಕೊಳ್ಳಬಹುದು. ನೆಂಟರ ಮಗ ಇಣುಕಿ ನೋಡಿ, ಏನೋ ವ್ರತವಿರಬೇಕೆಂದು ಹಾಗೆಯೇ ಇಳಿದುಹೋದ.

ನಾಲ್ಕು ಊರಿನಲ್ಲಿಯೂ ಗುರುತು ಮೂಡಲಿಲ್ಲ.

ಚಿಂತಾಮಣಿಯ ವಸತಿಗೃಹದಲ್ಲಿ, ಮೂರನೆಯ ರಾತ್ರಿ, ಕೈಪಿಡಿಯ ಕೊನೆಯ ಪುಟಗಳನ್ನು ಕನ್ನಡಕ ಹಾಕಿಕೊಂಡು ಓದಿದೆ. ಮೊದಲೇ ಓದಬೇಕಾಗಿತ್ತು. ಈ ಗಡಿಯಾರಕ್ಕೆ ಕೇಳಿಸುವ ಪ್ರಸಾರಕೇಂದ್ರಗಳು ಲೋಕದಲ್ಲಿ ಆರೇ ಆರು: ಜಪಾನಿನಲ್ಲಿ ಎರಡು, ಚೀನಾ, ಜರ್ಮನಿ, ಇಂಗ್ಲೆಂಡು, ಅಮೆರಿಕಗಳಲ್ಲಿ ಒಂದೊಂದು. ಇವು ಸಂಗೀತವನ್ನೋ ವಾರ್ತೆಯನ್ನೋ ಪ್ರಸಾರಮಾಡುವವಲ್ಲ. ಹಗಲೂ ರಾತ್ರಿ ಹೊತ್ತನ್ನು ಮಾತ್ರ ಸಾರುತ್ತವೆ. ಫ್ರಾಂಕ್‌ಫರ್ಟಿಗೆ ಹತ್ತಿರದ ಮೈನ್‌ಫ್ಲಿಂಗೆನ್ ಎಂಬಲ್ಲಿಯ ಕೇಂದ್ರವನ್ನೇ ನೋಡೋಣ. 1959ರಲ್ಲಿ ಪ್ರಾರಂಭವಾದದ್ದು, 1973ರಿಂದ ಪೂರ್ತಿ ತಾರೀಖು ಗಂಟೆಗಳನ್ನೂ ಸಂಕೇತದಲ್ಲಿ ಕಳುಹಿಸುತ್ತಿದೆ. ಸೆಕೆಂಡಿಗೊಮ್ಮೆ ಅದು ತನ್ನ ದನಿಯನ್ನು ಒಂದು ಕ್ಷಣ ತಗ್ಗಿಸುತ್ತದೆ. ಸೆಕೆಂಡಿನ ಹತ್ತರಲ್ಲೊಂದು ಭಾಗ ತಗ್ಗಿಸಿದರೆ ಸೊನ್ನೆ, ಹತ್ತರಲ್ಲೆರಡು ಭಾಗ ತಗ್ಗಿಸಿದರೆ ಒಂದು. ನಿಮಿಷದ ಕೊನೆಯ ಸೆಕೆಂಡಿನಲ್ಲಿ ಮಾತ್ರ ತಗ್ಗಿಸುವುದಿಲ್ಲ. ಇನ್ನು ಹೊಸ ನಿಮಿಷ ಎಂದು ಅರ್ಥ. ಒಂದು ನಿಮಿಷ ಕಿವಿಗೊಟ್ಟು ಕೇಳಿದರೆ ಇಸವಿ, ತಿಂಗಳು, ವಾರ, ಗಂಟೆ, ನಿಮಿಷ ಎಲ್ಲ ಸಿಕ್ಕಿಬಿಡುತ್ತವೆ. ಶಾಲೆಯ ಜವಾನ ಗಂಟೆ ಹೊಡೆಯುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಈ ಕೇಂದ್ರಗಳು ಬಳಸುವ ಅಲೆಗಳು ಬಹು ಉದ್ದದವು. ಜಪಾನಿನ ಒಂದು ಕೇಂದ್ರದ್ದು 40 ಕಿಲೋಹರ್ಟ್ಸ್. ಅದರ ಒಂದೊಂದು ಅಲೆ ಏಳೂವರೆ ಕಿಲೋಮೀಟರ್ ಉದ್ದ, ಹೆಚ್ಚುಕಡಮೆ ಚಿಕ್ಕಬಳ್ಳಾಪುರದಿಂದ ಮುದ್ದೇನಹಳ್ಳಿಗೆ ಹೋದಷ್ಟು. ಇಂಥ ಅಲೆ ಭೂಮಿಯನ್ನು ತಬ್ಬಿಕೊಂಡು ಗುಡ್ಡ ಕಣಿವೆ ಲೆಕ್ಕಿಸದೆ ಹರಿಯುತ್ತದೆ. ಆದರೂ ಅದಕ್ಕೊಂದು ಎಲ್ಲೆಯುಂಟು. ಜರ್ಮನಿಯ ಸಂಕೇತ ಸುಮಾರು 2,000 ಕಿಲೋಮೀಟರಿನವರೆಗೆ ನೆಚ್ಚಬಹುದಾದದ್ದು. ಚಿಕ್ಕಬಳ್ಳಾಪುರ ಅಲ್ಲಿಂದ ಸುಮಾರು 7,300 ಕಿಲೋಮೀಟರ್. ಜಪಾನಿನ ಕ್ಯೂಷುವಿನ ಕೇಂದ್ರ ಸುಮಾರು 5,700. ನಮಗೆ ಎಲ್ಲಕ್ಕಿಂತ ಹತ್ತಿರದ್ದು ಚೀನಾದ ಹೆನಾನ್ ಪ್ರಾಂತದ ಷಾಂಗ್‌ಚಿಯೂ. ಅದೂ ಸುಮಾರು 4,500 ಕಿಲೋಮೀಟರ್, ನಡುವೆ ಹಿಮಾಲಯ. ಇನ್ನೊಂದು ತಮಾಷೆಯೆಂದರೆ, ಗಡಿಯಾರಕ್ಕೆ ನಿನ್ನ ಊರು ದೆಹಲಿ ಎಂದು ಹೇಳಿದರೆ ಅದು ಕೇಳುವ ಪ್ರಯತ್ನವನ್ನೇ ಮಾಡುವುದಿಲ್ಲ. ಕೇಳುವುದಕ್ಕೆ ಏನೂ ಇಲ್ಲವೆಂದು ಅದನ್ನು ಮಾಡಿದವರಿಗೆ ಗೊತ್ತು. ಅದು ಕಿವಿ ತೆರೆಯಬೇಕಾದರೆ ನಾನು ಟೋಕಿಯೋದವನೆಂದೋ ಫ್ರಾಂಕ್‌ಫರ್ಟಿನವನೆಂದೋ ಸುಳ್ಳು ಹೇಳಬೇಕು.

ಅಂದರೆ ಬೆಂಗಳೂರಿನ ಲಿಫ್ಟುಗಳ ತಪ್ಪೇನೂ ಇರಲಿಲ್ಲ. ನಮ್ಮ ಸೀಮೆಯ ಗಾಳಿಯಲ್ಲಿ ಈ ಗಡಿಯಾರಕ್ಕೆ ತಿಳಿಯುವ ಹೊತ್ತೇ ಇಲ್ಲ. ಹಾಗಾದರೆ ನಮ್ಮಲ್ಲಿಗೆ ಹೊತ್ತು ಯಾವ ದಾರಿಯಲ್ಲಿ ಬಂತು? ತಂದೆಯವರ ಗಡಿಯಾರ ಯಾರನ್ನು ನೋಡುತ್ತಿತ್ತು?

ಬಹುಕಾಲ ಅದು ಎಲ್ಲಿಂದಲೂ ಬರಬೇಕಾಗಿರಲಿಲ್ಲ. ಪ್ರತಿಯೊಂದು ಊರಿಗೂ ಅದರ ಸೂರ್ಯನೇ ಸಾಕಾಗಿತ್ತು. ಈ ನಾಲ್ಕು ಊರುಗಳ ಪೈಕಿ ಪೂರ್ವದ ತುದಿಯಲ್ಲಿರುವುದು ಚಿಂತಾಮಣಿ, ಪಶ್ಚಿಮದ ತುದಿಯಲ್ಲಿರುವುದು ಗೌರಿಬಿದನೂರು. ರೇಖಾಂಶದಲ್ಲಿ ಇವೆರಡಕ್ಕೂ ಸುಮಾರು ಅರ್ಧ ಡಿಗ್ರಿಯ ಅಂತರ. ಹೊತ್ತಿನಲ್ಲಿ ಎರಡು ನಿಮಿಷಕ್ಕೆ ಸ್ವಲ್ಪ ಮೇಲೆ. ಚಿಂತಾಮಣಿಯಲ್ಲಿ ನೆತ್ತಿಯ ನೇರಕ್ಕೆ ಬಂದ ಸೂರ್ಯ ಗೌರಿಬಿದನೂರಿಗೆ ಬರುವುದು ಎರಡು ನಿಮಿಷ ಕಳೆದು. ಎತ್ತಿನ ಗಾಡಿಯಲ್ಲಿ ಹೋಗುವವನಿಗೆ ಈ ಎರಡು ನಿಮಿಷ ಎಲ್ಲಿ ಕಂಡೀತು? 24 ನಿಮಿಷದ ಒಂದು ಘಳಿಗೆಯೇ ಅಂದಿನವರಿಗೆ ಸಣ್ಣ ನಾಣ್ಯವಾಗಿತ್ತು.

ಈ ಎರಡು ನಿಮಿಷ ಕಣ್ಣಿಗೆ ಬಿದ್ದದ್ದು ರೈಲು ಬಂದಾಗ. ಇಬ್ಬರು ಸ್ಟೇಷನ್ ಮಾಸ್ಟರುಗಳು ತಮ್ಮ ತಮ್ಮ ಸೂರ್ಯನನ್ನು ನೋಡಿ ಒಂದೇ ಹಳಿಯ ಮೇಲೆ ಗಾಡಿ ಬಿಟ್ಟರೆ ಏನಾದೀತೆಂದು ಹೇಳಬೇಕಾಗಿಲ್ಲ. ಆದುದರಿಂದ ರೈಲ್ವೆಯವರು ಒಂದು ಊರಿನ ಹೊತ್ತನ್ನು ಎಲ್ಲರಿಗೂ ಹಂಚಿದರು. ಆ ಊರು ಮದರಾಸು. ಅಲ್ಲಿಯ ನುಂಗಂಬಾಕ್ಕಂನಲ್ಲಿ 1792ರಲ್ಲಿ ಕಟ್ಟಿದ ಖಗೋಲ ವೀಕ್ಷಣಾಲಯವಿತ್ತು. ಅದರ ಅಧಿಕಾರಿ ಜಾನ್ ಗೋಲ್ಡಿಂಗ್‌ಹ್ಯಾಮ್ 1802ರಲ್ಲಿ ಮದರಾಸು ಗ್ರೀನಿಚ್ಚಿಗಿಂತ 5 ಗಂಟೆ 21 ನಿಮಿಷ 14 ಸೆಕೆಂಡು ಮುಂದಿದೆಯೆಂದು ಗೊತ್ತುಮಾಡಿದ. ವೀಕ್ಷಣಾಲಯದವರು ರಾತ್ರಿ ನಕ್ಷತ್ರ ನೋಡಿ ಗಡಿಯಾರ ತಿದ್ದುವುದು, ಕೋಟೆಯಿಂದ ತೋಪು ಹಾರಿಸಿ ಊರಿಗೆ ಸಾರುವುದು, ತಂತಿಯ ಮೂಲಕ ದೇಶಕ್ಕೆ ತಿಳಿಸುವುದು ನಡೆಯಿತು. 1870ರ ಹೊತ್ತಿಗೆ ಭಾರತದ ರೈಲುಗಳೆಲ್ಲ ಮದರಾಸಿನ ಹೊತ್ತಿನಲ್ಲಿ ಓಡಲು ತೊಡಗಿದವು. ಸಂಕೇತ ದೂರದಿಂದ ಬರುವುದು, ನಾವು ಕೇಳಿ ತಿದ್ದಿಕೊಳ್ಳುವುದು, ಈ ಏರ್ಪಾಟು ಆಗಲೇ ಬಂದಿತ್ತೆನ್ನಬೇಕು. ಗಾಳಿಯ ಬದಲು ತಂತಿ ಇತ್ತು, ಅಷ್ಟೆ.

ಇಲ್ಲೊಂದು ವಿಶೇಷವುಂಟು. ನಾಲ್ಕು ಊರುಗಳಲ್ಲಿ ಮೊದಲು ರೈಲು ಕಂಡದ್ದು ಗೌರಿಬಿದನೂರು. ಬೆಂಗಳೂರಿನಿಂದ ಹಿಂದೂಪುರದ ಮೇಲೆ ಗುಂತಕಲ್ಲಿಗೆ ಹೋಗುವ ದಾರಿ 1890ರ ದಶಕದ್ದು. ಆದಕಾರಣ ಗೌರಿಬಿದನೂರಿನ ಸ್ಟೇಷನ್ನಿನಲ್ಲಿ ಮದರಾಸಿನ ಹೊತ್ತು ನಡೆಯಿತು. ಊರಿನ ಸೂರ್ಯನಿಗಿಂತ ಅದು ಸುಮಾರು 11 ನಿಮಿಷ ಮುಂದು. ಸೂರ್ಯನನ್ನು ನಂಬಿ ಸ್ಟೇಷನ್ನಿಗೆ ಬಂದವನಿಗೆ ಗಾಡಿ ತಪ್ಪಿದ್ದರೆ ಆಶ್ಚರ್ಯವೇನು? ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳಿಗೆ ರೈಲು ಬಂದದ್ದು ಇಪ್ಪತ್ತು ವರ್ಷ ತಡವಾಗಿ. ಅಷ್ಟರಲ್ಲಿ, 1906ರ ಜನವರಿ 1ರಿಂದ, ಗ್ರೀನಿಚ್ಚಿಗಿಂತ ಐದೂವರೆ ಗಂಟೆ ಮುಂದಿರುವ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್ ಜಾರಿಗೆ ಬಂದಿತ್ತು. ಒಂದೇ ಸೀಮೆಯ ಈ ಊರುಗಳ ಪೈಕಿ ಒಂದು ಸೂರ್ಯನಿಂದ ಮದರಾಸಿಗೂ ಮದರಾಸಿನಿಂದ ಸ್ಟ್ಯಾಂಡರ್ಡಿಗೂ ಎರಡು ಮೆಟ್ಟಿಲು ಹತ್ತಿತು. ಉಳಿದ ಮೂರಕ್ಕೆ ರೈಲು ತಂದದ್ದು ನೇರ ಸ್ಟ್ಯಾಂಡರ್ಡ್ ಟೈಮನ್ನೇ. ಕಲ್ಕತ್ತೆಯವರು 1948ರವರೆಗೆ, ಬೊಂಬಾಯಿಯವರು 1955ರವರೆಗೆ ತಮ್ಮ ಹಳೆಯ ಹೊತ್ತನ್ನು ಬಿಟ್ಟುಕೊಡಲಿಲ್ಲ. ನಮ್ಮವರು ಅಂಥ ಹಟ ಮಾಡಿದಂತೆ ಕಾಣದು.

ಇಂದಿಗೂ ಚಿಕ್ಕಬಳ್ಳಾಪುರದ ಸೂರ್ಯ ಗೋಡೆಯ ಗಡಿಯಾರಕ್ಕಿಂತ ಸರಾಸರಿ 19 ನಿಮಿಷ ಹಿಂದೆ. ಮುಹೂರ್ತ ನೋಡುವ ಪುರೋಹಿತರಿಗೆ ಇದು ಗೊತ್ತು, ಉಳಿದವರು ಮರೆತಿದ್ದೇವೆ.

ಆ ಮೂರು ಊರುಗಳ ರೈಲು ನ್ಯಾರೋ ಗೇಜಿನದು, ಎರಡೂವರೆ ಅಡಿಯ ಹಳಿ. ಬೌರಿಂಗ್‌ಪೇಟೆಯಿಂದ ಕೋಲಾರಕ್ಕೆ, ಅಲ್ಲಿಂದ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೇಲೆ ಚಿಕ್ಕಬಳ್ಳಾಪುರಕ್ಕೆ; ಚಿಕ್ಕಬಳ್ಳಾಪುರದಿಂದ ಯಲಹಂಕಕ್ಕೆ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದ 1912–18ರ ಅವಧಿಯಲ್ಲಿ ಈ ದಾರಿಗಳು ತೆರೆದವು. ಹೊತ್ತಿನ ಶಿಸ್ತಿಗೆ ನಾಡೆಲ್ಲ ಹೆಸರು ಹೇಳುವ ಮನುಷ್ಯ ಹುಟ್ಟಿದ ಸೀಮೆಗೆ ಹೊತ್ತಿನ ಗಾಡಿ ಬಂದದ್ದು ಅವರ ಕಾಲದಲ್ಲಿ ಎಂಬುದು ಸೊಗಸಾಗಿದೆ. ಆದರೆ ಆ ಗಾಡಿ ಅವರಂತಿತ್ತೆಂದು ನಾನು ಹೇಳಲಾರೆ. ಏರಿನಲ್ಲಿ ನಾವು ಹುಡುಗರು ಇಳಿದು ಅದರ ಪಕ್ಕದಲ್ಲಿ ನಡೆದದ್ದುಂಟು. ತಂದೆ ಗಾಡಿಯ ಸಿಳ್ಳನ್ನು ನಂಬುತ್ತಿರಲಿಲ್ಲ; ತಿಂಗಳಿಗೆರಡು ಸಲ ಸ್ಟೇಷನ್ನಿಗೆ ಹೋಗಿ, ತಂತಿಯಲ್ಲಿ ತಿದ್ದಿದ ಅಲ್ಲಿಯ ಗಡಿಯಾರ ನೋಡಿ, ಜೇಬಿನ ಗಡಿಯಾರಕ್ಕೆ ಹೊತ್ತು ಇಳಿಸಿಕೊಂಡು, ಕೊಡದಲ್ಲಿ ನೀರು ತರುವಂತೆ ತುಳುಕಿಸದೆ ಮನೆಗೆ ತರುತ್ತಿದ್ದರು. ಯುದ್ಧಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ಸರ್ಕಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಿಟ್ಟಿತ್ತು. ಬೆಳಕು ಹರಿಯುವ ಮುಂಚೆ ಮಕ್ಕಳು ಶಾಲೆಗೆ ಹೊರಡಬೇಕಾಗಿ ಬಂದದ್ದನ್ನು ತಂದೆ ಕಡೆಯವರೆಗೆ ಬೇಸರದಿಂದಲೇ ಹೇಳುತ್ತಿದ್ದರು. ಹೊತ್ತು ಆಕಾಶದಿಂದ ಬಂದದ್ದಲ್ಲ, ಆಜ್ಞೆಯಿಂದ ಬಂದದ್ದು ಎಂದು ಅವರಿಗೆ ತಿಳಿದದ್ದು ಆಗ.

ರೇಡಿಯೋ ಬಂದ ಮೇಲೆ ಸ್ಟೇಷನ್ನಿನ ಓಡಾಟ ನಿಂತಿತು. ಬೆಂಗಳೂರಿನ ಆಕಾಶವಾಣಿ ನಿಲಯ 1955ರ ನವೆಂಬರಿನಲ್ಲಿ ಪ್ರಾರಂಭವಾಯಿತು. ನನಗೆ ಹತ್ತು ವರ್ಷವಿದ್ದಾಗ ನಮ್ಮ ಮನೆಗೆ ವಾಲ್ವಿನ ರೇಡಿಯೋ ಒಂದು ಬಂತು. ವಾರ್ತೆಗೆ ಮುಂಚೆ ಪಿಪ್, ಪಿಪ್ ಎಂಬ ಸದ್ದು. ಕೊನೆಯದಕ್ಕೆ ಗಂಟೆ ಸರಿಯಾಗಿ ಆಯಿತೆಂದು ಅರ್ಥ. ಬಿ.ಬಿ.ಸಿ.ಯವರು 1924ರಲ್ಲಿ ಹಾಕಿದ ಪದ್ಧತಿಯಿದು. ತಂದೆ ಕುರ್ಚಿಯ ಮೇಲೆ ನಿಂತು ಬೆರಳನ್ನು ನಿಮಿಷದ ಮುಳ್ಳಿಗೆ ತಾಗಿಸಿಕೊಂಡಿರುವರು, ನಾನು ರೇಡಿಯೋ ಪಕ್ಕದಲ್ಲಿ ನಿಂತು ಕೊನೆಯ ಪಿಪ್ಪಿಗೆ “ಈಗ!” ಎಂದು ಕೂಗಬೇಕು. ಮನೆಯಲ್ಲಿ ಆ ಹೊತ್ತು ಯಾರೂ ಕೆಮ್ಮುವಂತಿಲ್ಲ. ನಾನು ಒಮ್ಮೆ ಒಂದು ಪಿಪ್ ಮುಂಚೆ ಕೂಗಿ ಏಟು ತಿಂದಿದ್ದೇನೆ.

ಇನ್ನೂ ಕಟ್ಟುನಿಟ್ಟಿನ ಹೊತ್ತು ಬೇಕಾದವರಿಗೆ ಬೇರೆ ಏರ್ಪಾಟಿತ್ತು. ದೆಹಲಿಯಲ್ಲಿ 1950ರಲ್ಲಿ ತೆರೆದ ರಾಷ್ಟ್ರೀಯ ಭೌತ ಪ್ರಯೋಗಶಾಲೆಯವರು 1959ರಿಂದ ಎ.ಟಿ.ಎ. ಎಂಬ ಕರೆಗುರುತಿನಲ್ಲಿ ಷಾರ್ಟ್‌ವೇವಿನ ಮೇಲೆ, ಮುಖ್ಯವಾಗಿ 10 ಮೆಗಾಹರ್ಟ್ಸಿನಲ್ಲಿ, ಸೆಕೆಂಡಿಗೊಂದು ಟಿಕ್ ಪ್ರಸಾರಮಾಡುತ್ತಿದ್ದರು. ದೆಹಲಿಯಿಂದ ಚಿಕ್ಕಬಳ್ಳಾಪುರಕ್ಕೆ ಬರಲು ಆ ಟಿಕ್ಕಿಗೆ ಸೆಕೆಂಡಿನ ಸಾವಿರದಲ್ಲಿ ಆರು ಭಾಗದಷ್ಟು ಹೊತ್ತು ಸಾಕು. ಈಗ ಆ ಪ್ರಸಾರವಿಲ್ಲ. ನನ್ನ ಕೈಗಡಿಯಾರದಂಥವಕ್ಕೆ ಬೇಕಾದ ದೀರ್ಘ ಅಲೆಯ ಕೇಂದ್ರವಂತೂ ನಮ್ಮ ದೇಶದಲ್ಲಿ ಇಲ್ಲ.

ಗೌರಿಬಿದನೂರಿನಲ್ಲಿ ನನಗೆ ಆಶ್ರಯ ಕೊಟ್ಟ ಸ್ನೇಹಿತರು ನನ್ನ ಗಡಿಯಾರವನ್ನು ನೋಡಿ ನಕ್ಕು, “ಸಾರ್, ಇದನ್ನು ತಂದು ತಂದು ಯಾವ ಊರಿಗೆ ತಂದಿರಿ! ಇಲ್ಲಿ ಸೆಕೆಂಡಿನ ನೂರನೆಯ ಭಾಗಕ್ಕೂ ಲೆಕ್ಕ ಇಡುತ್ತಾರೆ” ಎಂದರು. ಮಾತು ನಿಜ. ಅಣುಶಕ್ತಿ ಇಲಾಖೆಯ ಭಾಭಾ ಕೇಂದ್ರದವರು ಬ್ರಿಟಿಷ್ ಅಣುಶಕ್ತಿ ಸಂಸ್ಥೆಯ ಸಹಕಾರದಿಂದ ಅಲ್ಲಿ 1965ರಲ್ಲಿ ಭೂಕಂಪನ ಮಾಪಕಗಳ ಒಂದು ಸಾಲನ್ನು ಸ್ಥಾಪಿಸಿದರು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗಾ ಇದರ ಒಡಹುಟ್ಟುಗಳು. ಗೌರಿಬಿದನೂರು ತಾಲ್ಲೂಕಿನ ಕಗ್ಗಲ್ಲು ಬಹು ಪುರಾತನವಾದದ್ದು, ಗಟ್ಟಿಯಾದದ್ದು, ಸಮುದ್ರದ ಮೊರೆತಕ್ಕೆ ದೂರವಾದದ್ದು. ನೆಲದ ಪಿಸುಮಾತು ಕೇಳಲು ಅದು ಹೇಳಿಮಾಡಿಸಿದ ಜಾಗ. ಅಲ್ಲಿ ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿ, ಇಪ್ಪತ್ತು ಕಿಲೋಮೀಟರಿಗೂ ಮಿಕ್ಕ ಎರಡು ತೋಳುಗಳ ಉದ್ದಕ್ಕೂ, ಇಪ್ಪತ್ತು ಮಾಪಕಗಳನ್ನು ನೆಲದಲ್ಲಿ ಇಟ್ಟರು. ಹೊಲಗಳ ನಡುವಿನ ಆ ಗುಂಡಿಗಳಿಂದ ಸಂಕೇತಗಳು ರೇಡಿಯೋ ಮೂಲಕ ಪ್ರಯೋಗಶಾಲೆಗೆ ಬರುತ್ತಿದ್ದವು.

ಇದರ ಉದ್ದೇಶ ಭೂಕಂಪವೊಂದೇ ಅಲ್ಲ. ಭೂಮಿಯ ಒಳಗೆ ಯಾರಾದರೂ ಅಣುಬಾಂಬು ಸಿಡಿಸಿದರೆ ಅದನ್ನು ದೂರದಿಂದಲೇ ಗುರುತಿಸಬೇಕು, ಅದಕ್ಕಾಗಿ. 1964ರ ಅಕ್ಟೋಬರ್ 16ರಂದು ಚೀನಾ ಲೋಪ್ ನಾರಿನಲ್ಲಿ ತನ್ನ ಮೊದಲ ಅಣುಸ್ಫೋಟ ಮಾಡಿತ್ತೆಂಬುದನ್ನು ನೆನೆದರೆ ಕಾಲದ ಒತ್ತಡ ತಿಳಿಯುತ್ತದೆ. ಲೋಪ್ ನಾರಿನ ನೆಲದಡಿಯ ಅದುರು ಗೌರಿಬಿದನೂರಿಗೆ ಬರಲು ಸುಮಾರು ಆರು ನಿಮಿಷ ಬೇಕು. ಪೋಖ್ರಾನಿನಿಂದಾದರೆ ಸುಮಾರು ಮೂರೂವರೆ ನಿಮಿಷ: 1974ರ ಮೇ 18ರ ಬೆಳಗ್ಗೆ 8 ಗಂಟೆ 5 ನಿಮಿಷಕ್ಕೆ ಅಲ್ಲಿ ಸಿಡಿದದ್ದು ನಮ್ಮ ಸೀಮೆಯ ಕಲ್ಲಿನಡಿಗೆ ಬಂದದ್ದು ಎಂಟೂ ಎಂಟೂವರೆ ನಿಮಿಷಕ್ಕೆ. ಆ ಹೊತ್ತಿನಲ್ಲಿ ನಾನು ಶಿಡ್ಲಘಟ್ಟದಲ್ಲಿ ಹಲ್ಲುಜ್ಜುತ್ತಿದ್ದಿರಬೇಕು, ನನಗೇನೂ ತಿಳಿಯಲಿಲ್ಲ.

ಈಗ ಹೊತ್ತಿನ ಸೂಕ್ಷ್ಮ ನೋಡಿ. ಅದುರು ಒಂದು ತುದಿಯ ಮಾಪಕವನ್ನು ಮುಟ್ಟಿ ಇನ್ನೊಂದು ತುದಿಯದನ್ನು ಮುಟ್ಟುವುದಕ್ಕೆ ಒಂದೆರಡು ಸೆಕೆಂಡು ಬೇಕು. ಯಾವ ಗುಂಡಿಗೆ ಮೊದಲು ಮುಟ್ಟಿತು, ಯಾವುದಕ್ಕೆ ಎಷ್ಟು ತಡವಾಗಿ ಮುಟ್ಟಿತು, ಈ ಅಂತರಗಳಿಂದಲೇ ಅದು ಬಂದ ದಿಕ್ಕನ್ನೂ ದೂರವನ್ನೂ ಲೆಕ್ಕಹಾಕಬೇಕು. ಎಲ್ಲ ಗುಂಡಿಗಳೂ ಒಂದೇ ಗಡಿಯಾರಕ್ಕೆ ಉತ್ತರ ಹೇಳುವುದರಿಂದ ಪರಸ್ಪರ ಜಗಳವಿಲ್ಲ. ಆದರೆ ಸ್ಕಾಟ್ಲೆಂಡಿನವರ ದಾಖಲೆಯೊಡನೆ ಹೋಲಿಸಬೇಕಾದರೆ ಆ ಒಂದು ಗಡಿಯಾರ ಲೋಕದ ಗಡಿಯಾರಕ್ಕೆ ಒಪ್ಪಬೇಕು. ಆ ಕಾಲದ ಭೂಕಂಪನ ಕೇಂದ್ರಗಳಲ್ಲಿ ಷಾರ್ಟ್‌ವೇವಿನ ಟಿಕ್ಕನ್ನು ಕೇಳಿ ತಿದ್ದುವುದು ವಾಡಿಕೆಯಾಗಿತ್ತು. ಒಂದು ಸೆಕೆಂಡು ತಪ್ಪಿದರೆ ನಕ್ಷೆಯ ಮೇಲೆ ಸ್ಫೋಟದ ಜಾಗ ಹತ್ತಾರು ಕಿಲೋಮೀಟರ್ ಸರಿದುಹೋದೀತು. ತಂದೆ ಕುರ್ಚಿಯ ಮೇಲೆ ನಿಂತು ಮಾಡುತ್ತಿದ್ದ ಕೆಲಸವೇ ಇದು. ಆದರೆ ಇಲ್ಲಿ ಒಂದು ಪಿಪ್ ಮುಂಚೆ ಕೂಗಿದರೆ ಏಟಿನಿಂದ ತೀರುವುದಲ್ಲ.

ಅದೇ ಗೌರಿಬಿದನೂರಿನ ಬಯಲಿನಲ್ಲಿ 1976ರಿಂದ ಇನ್ನೊಂದು ಕಿವಿಯೂ ಇದೆ. ಭಾರತೀಯ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ ಇವೆರಡೂ ಸೇರಿ ಕಟ್ಟಿದ ರೇಡಿಯೋ ದೂರದರ್ಶಕ. ಸಾವಿರ ಡೈಪೋಲ್ ತಂತಿಗಳು ಟಿ ಅಕ್ಷರದ ಆಕಾರದಲ್ಲಿ, ಪೂರ್ವ ಪಶ್ಚಿಮವಾಗಿ 1.4 ಕಿಲೋಮೀಟರ್ ಉದ್ದಕ್ಕೆ ಹರಡಿ, 34.5 ಮೆಗಾಹರ್ಟ್ಸಿನಲ್ಲಿ ಆಕಾಶವನ್ನು ಆಲಿಸಿದವು. ಸೂರ್ಯನ ಸಿಡುಕು, ಸತ್ತ ನಕ್ಷತ್ರಗಳ ಅವಶೇಷ ಎಲ್ಲ ಇಲ್ಲಿಗೆ ಕೇಳಿಸುತ್ತವೆ. ನನ್ನ ಗಡಿಯಾರಕ್ಕೆ ಮಾತ್ರ ಇದೇ ಊರಿನಲ್ಲಿ ರಾತ್ರಿಯಿಡೀ ಏನೂ ಕೇಳಿಸಲಿಲ್ಲ. ಕೇಳಿಸದಿರುವುದು ಗಾಳಿಯ ದೋಷವಲ್ಲ, ಕಿವಿ ಯಾವ ಭಾಷೆಗೆ ಪಳಗಿದೆ ಎಂಬುದರ ಮೇಲೆ ಹೋಗುತ್ತದೆ.

ನಾಲ್ಕನೆಯ ದಿನ ಶಿಡ್ಲಘಟ್ಟಕ್ಕೆ ಬಂದೆ. ಬೆಳಗ್ಗೆ ತಂಗಿಯ ಅಳಿಯನ ಜತೆ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿದ್ದೆ. ನನ್ನ ಬಾಲ್ಯದಲ್ಲಿ ಕೂಗಿನ ಹರಾಜು. ಗಂಟಲು ದೊಡ್ಡದಿದ್ದವನದೇ ಸಂತೆ. ಈಗ ಇ-ಹರಾಜು. ರೈತ ಗೂಡು ಸುರಿದು ನಿಂತಿರುತ್ತಾನೆ. ರೀಲರುಗಳು ಫೋನಿನಲ್ಲಿ ಬೆಲೆ ಒತ್ತುತ್ತಾರೆ. ಹರಾಜು ಮುಗಿಯಿತೆಂದು ಹೇಳುವುದು ಕಂಪ್ಯೂಟರು. ಕೊನೆಯ ಕ್ಷಣದಲ್ಲಿ ಒತ್ತಿದ ಬೆಲೆ ಒಳಗೆ ಬಂತೇ ಹೊರಗುಳಿಯಿತೇ ಎಂಬುದು ಒಬ್ಬ ರೈತನ ಒಂದು ಬೆಳೆಯ ಮಾತು. ಸೆಕೆಂಡಿನ ಲೆಕ್ಕ ಯಾತಕ್ಕೆ ಎಂಬ ನನ್ನ ಮನೆಯಾಕೆಯ ಪ್ರಶ್ನೆಗೆ ನನಗೆ ಅಲ್ಲಿ ಉತ್ತರ ಸಿಕ್ಕಿತು. ನನಗಲ್ಲದಿದ್ದರೂ ಆ ಸಾಲಿನಲ್ಲಿ ನಿಂತವರಿಗೆ ಬೇಕು.

ಹಾಗಾದರೆ ಆ ಸೆಕೆಂಡು ಯಾರದು? ನಮ್ಮ ಫೋನುಗಳು, ಫೋನಿನ ಗೋಪುರಗಳು, ಬ್ಯಾಂಕಿನ ಯಂತ್ರಗಳು ಬಹುಮಟ್ಟಿಗೆ ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರಗಳನ್ನು ನೆಚ್ಚಿಕೊಂಡು ಬಂದಿವೆ. ಅದು ಕೊಟ್ಟವರ ಕೈಯಲ್ಲಿರುವ ಹೊತ್ತು. ನಮ್ಮದೇ ಉಪಗ್ರಹಗಳ ಸಾಲು ಹಾರತೊಡಗಿದ್ದು 2013ರ ಜುಲೈಯಲ್ಲಿ. ಅದರ ಹೊತ್ತನ್ನು ನೋಡಿಕೊಳ್ಳುವ ಕೇಂದ್ರ ಬೆಂಗಳೂರಿನ ಹತ್ತಿರದ ಬ್ಯಾಲಾಳಿನಲ್ಲಿದೆ. ಆದರೆ ಮೊದಲ ಉಪಗ್ರಹದಲ್ಲಿದ್ದ ವಿದೇಶದ ರುಬಿಡಿಯಂ ಗಡಿಯಾರಗಳು ಮೂರೂ ಕೆಲವೇ ವರ್ಷಗಳಲ್ಲಿ ಕೈಕೊಟ್ಟವು. ಇಲ್ಲಿಯೇ ಮಾಡಿದ ರುಬಿಡಿಯಂ ಗಡಿಯಾರ ಆಕಾಶಕ್ಕೆ ಏರಿದ್ದು 2023ರ ಮೇ 29ರಂದು. ದೆಹಲಿಯ ಪ್ರಯೋಗಶಾಲೆಯ ಹೊತ್ತನ್ನು ಬೆಂಗಳೂರೂ ಸೇರಿದಂತೆ ಐದು ಊರುಗಳ ಪ್ರಮಾಣ ಪ್ರಯೋಗಶಾಲೆಗಳ ಮೂಲಕ ಹಂಚುವ ಯೋಜನೆಯೊಂದನ್ನು ಸರ್ಕಾರ ಹಾಕಿಕೊಂಡಿದೆ. 2025ರ ಜನವರಿಯಲ್ಲಿ, ವ್ಯವಹಾರಕ್ಕೆಲ್ಲ ಭಾರತದ ಸ್ಟ್ಯಾಂಡರ್ಡ್ ಟೈಮನ್ನೇ ಬಳಸತಕ್ಕದ್ದೆಂಬ ಕರಡು ನಿಯಮಗಳನ್ನೂ ಪ್ರಕಟಿಸಿತು. ಸೇರಿನ ಬಟ್ಟಿಗೆ ಮುದ್ರೆ ಹಾಕುವ ಇಲಾಖೆಯೇ ಸೆಕೆಂಡಿಗೂ ಮುದ್ರೆ ಹಾಕುತ್ತದೆಂದರೆ ನನಗೆ ಅದರಲ್ಲಿ ಹಾಸ್ಯವೇನೂ ಕಾಣುವುದಿಲ್ಲ.

ಸಂಜೆ ತಂಗಿಯ ಮೊಮ್ಮಗಳು ನನ್ನ ಪೇಚಾಟವನ್ನು ಕೇಳಿ, “ತಾತ, ಕೊಡಿ ಇಲ್ಲಿ” ಎಂದಳು. ಇಂಜಿನಿಯರಿಂಗ್ ಓದುವ ಹುಡುಗಿ. ಗಡಿಯಾರಕ್ಕೆ ನೀನು ಟೋಕಿಯೋದಲ್ಲಿದ್ದೀಯೆ ಎಂದು ಹೇಳಿದಳು. ಫೋನಿಗೆ ಇಯರ್‌ಫೋನಿನ ತಂತಿ ಸಿಕ್ಕಿಸಿ, ಆ ತಂತಿಯನ್ನು ಗಡಿಯಾರದ ಸುತ್ತ ನಾಲ್ಕು ಸುತ್ತು ಸುತ್ತಿದಳು. ಫೋನು ಒಂದು ಸಣ್ಣ ಸದ್ದು ಮಾಡತೊಡಗಿತು. ನನಗೆ ಕೇಳಿಸದಷ್ಟು ಎತ್ತರದ ದನಿ, ಅವಳಿಗೆ ಕೇಳಿಸಿತಂತೆ. 13.333 ಕಿಲೋಹರ್ಟ್ಸ್, ಅದನ್ನು ಮೂರರಿಂದ ಗುಣಿಸಿದರೆ 40; ಜಪಾನಿನ ಕೇಂದ್ರದ ಅಲೆ ಅದೇ. ಆ ಸದ್ದಿನ ಮೂರುಪಟ್ಟಿನ ನೆರಳು ತಂತಿಯ ಸುತ್ತ ಹಬ್ಬುತ್ತದೆ, ಒಂದು ಗೇಣು ದೂರಕ್ಕೆ. ಗಡಿಯಾರಕ್ಕೆ ಅಷ್ಟು ಸಾಕು. ಐದು ನಿಮಿಷದಲ್ಲಿ ಗುರುತು ಮೂಡಿತು. ಅದು ಜಪಾನಿನ ಬೆಟ್ಟದ ದನಿಯನ್ನೇ ಕೇಳಿದೆನೆಂದು ನಂಬಿತ್ತು. ಆಮೇಲೆ ಅದರ ಊರನ್ನು ಮತ್ತೆ ದೆಹಲಿಗೆ ಬದಲಿಸಿದರೆ, ಹೊತ್ತು ಮೂರೂವರೆ ಗಂಟೆ ಹಿಂದೆ ಸರಿದು ನಮ್ಮದಾಯಿತು.

ನಡುಮನೆಯಲ್ಲಿ ತಂದೆಯವರ ಗಡಿಯಾರ ಇನ್ನೂ ನಡೆಯುತ್ತಿದೆ. ಕೈಗಡಿಯಾರ ಹಿಡಿದು ನೋಡಿದೆ: ನಾಲ್ಕು ನಿಮಿಷ ಹಿಂದೆ. ಕುರ್ಚಿ ಎಳೆದುಕೊಂಡು ಹತ್ತಿದೆ.

“ಮುಟ್ಟಬೇಡ ಅಣ್ಣ,” ಎಂದು ತಂಗಿ ಒಳಗಿನಿಂದ ಬಂದಳು. “ಇವತ್ತು ಗುರುವಾರ. ಅಪ್ಪ ಸೋಮವಾರ ಬಿಟ್ಟು ಎಂದಾದರೂ ಮುಟ್ಟುತ್ತಿದ್ದರೆ?”

ಇಳಿದೆ. ಸೋಮವಾರದವರೆಗೆ ಶಿಡ್ಲಘಟ್ಟದಲ್ಲೇ ಉಳಿದುಕೊಂಡೆ. ಬೆಳಗ್ಗೆ ಸ್ನಾನ ಮಾಡಿ ಕುರ್ಚಿ ಹತ್ತಿ ಕೀಲಿ ಕೊಟ್ಟು, ನಿಮಿಷದ ಮುಳ್ಳಿಗೆ ಬೆರಳು ತಾಗಿಸಿ ನಿಂತೆ. ಮೊಮ್ಮಗಳು ಕೈಗಡಿಯಾರ ಹಿಡಿದು ಕೆಳಗೆ ನಿಂತು, ಐವತ್ತೆಂಟು, ಐವತ್ತೊಂಬತ್ತು ಎಂದು ಎಣಿಸಿ, “ಈಗ!” ಎಂದಳು.